ವಾಸಕ್ಕೆ ಒಳ್ಳೆಯ ಜಾಗ ಯಾವುದು? ಕೋಡಿಯಲ್ಲೊಂದು ಲೆಕ್ಕ

ದೇಶದೊಳಗೆ ಎಲ್ಲಿ ಬೇಕಾದರೂ ಮನೆ ಮಾಡಿಕೊಂಡು ಇರಬಹುದು ಎಂದರೆ ನೀವು ಯಾವ ಊರನ್ನು ಆರಿಸಿಕೊಳ್ಳುವಿರಿ? ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. ಒಬ್ಬರು ಬೆಂಗಳೂರು ಎಂದಾರು, ಇನ್ನೊಬ್ಬರು ಮಡಿಕೇರಿ ಎಂದಾರು. ನಮ್ಮೂರೇ ಸಾಕು ಎನ್ನುವವರೂ ಇರುತ್ತಾರೆ. ಏಕೆ ಎಂದು ಕೇಳಿದರೆ ತಂಪು ಹವೆ, ಕೆಲಸ, ಕಾಲೇಜು, ಆಸ್ಪತ್ರೆ, ನೀರು, ನೆಂಟರಿಷ್ಟರು ಹೀಗೆ ಕಾರಣಗಳ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಈ ಕಾರಣಗಳನ್ನೆಲ್ಲ ಅಳೆದು, ಕೂಡಿಸಿ, 'ಇದೇ ಶ್ರೇಷ್ಠ ಪ್ರದೇಶ' ಎಂದು ಹೇಳಲು ಸಾಧ್ಯವೇ?

ಹಾಗೆ ಹೇಳುವ ಪ್ರಯತ್ನಗಳು ನಡೆದಿವೆ. ಅವುಗಳಿಂದ ಕಲಿಯುವುದೂ ಇದೆ, ಎಚ್ಚರ ವಹಿಸಬೇಕಾದುದೂ ಇದೆ.

ಒಂದೇ ಊರು, ಎರಡು ಸ್ಥಾನ

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2018ರಲ್ಲಿ ದೇಶದ 111 ನಗರಗಳ 'ಸುಗಮ ಜೀವನ ಸೂಚ್ಯಂಕ'ವನ್ನು ಪ್ರಕಟಿಸಿತು. ಅದರಲ್ಲಿ ಪುಣೆ ಮೊದಲನೆಯದು, ಬೆಂಗಳೂರು 58ನೆಯದು. ಇದೇ ಸೂಚ್ಯಂಕದ 2020ರ ಆವೃತ್ತಿ 2021ರ ಮಾರ್ಚ್‌ನಲ್ಲಿ ಹೊರಬಂದಾಗ ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಬೆಂಗಳೂರು ಮೊದಲನೆಯ ಸ್ಥಾನಕ್ಕೆ ಬಂದಿತ್ತು. ಮೂರು ವರ್ಷದೊಳಗೆ ಒಂದು ಮಹಾನಗರ 58ರಿಂದ 1ಕ್ಕೆ ಏರುವಷ್ಟು ಬದಲಾಯಿತೇ?

ಬದಲಾದದ್ದು ಮುಖ್ಯವಾಗಿ ಅಳತೆಗೋಲು. 2018ರಲ್ಲಿ 100 ಅಂಕಗಳ ಪೈಕಿ ಭೌತಿಕ ಸೌಲಭ್ಯಗಳಿಗೆ 45, ಆಡಳಿತಕ್ಕೆ 25, ಸಾಮಾಜಿಕ ಅಂಶಗಳಿಗೆ 25, ಆರ್ಥಿಕ ಅಂಶಗಳಿಗೆ ಕೇವಲ 5 ಮೀಸಲಾಗಿದ್ದವು. 2020ರಲ್ಲಿ ಜೀವನ ಗುಣಮಟ್ಟಕ್ಕೆ 35, ಆರ್ಥಿಕ ಸಾಮರ್ಥ್ಯಕ್ಕೆ 15, ಸುಸ್ಥಿರತೆಗೆ 20 ಅಂಕಗಳಾದವು. ಉಳಿದ 30 ಅಂಕಗಳು ನಾಗರಿಕರ ಅಭಿಪ್ರಾಯ ಸಮೀಕ್ಷೆಗೆ ಹೋದವು. ಜೊತೆಗೆ ದೊಡ್ಡ ನಗರಗಳನ್ನೂ ಸಣ್ಣ ನಗರಗಳನ್ನೂ ಎರಡು ಗುಂಪು ಮಾಡಲಾಯಿತು. ಒಂದೊಂದು ಅಂಶಕ್ಕೆ ಎಷ್ಟೆಷ್ಟು ಪ್ರಾಮುಖ್ಯ ಕೊಡುತ್ತೇವೆಯೋ ಅದನ್ನು ಆ ಅಂಶದ 'ತೂಕ' ಎನ್ನೋಣ. ತೂಕ ಬದಲಾದರೆ ಸ್ಥಾನ ಬದಲಾಗುತ್ತದೆ. ತೂಕವನ್ನು ನಿರ್ಧರಿಸುವುದು ಮನುಷ್ಯರ ಆಯ್ಕೆ. ಅದು ಉಷ್ಣತಾಮಾಪಕದಲ್ಲಿ ಓದಿ ತಿಳಿಯುವ ಸಂಖ್ಯೆಯಲ್ಲ.

ಮೊದಲ ಸ್ಥಾನ ಗಳಿಸಿದ ಬೆಂಗಳೂರಿನಲ್ಲೇ 2022ರ ಸೆಪ್ಟೆಂಬರ್‌ನಲ್ಲಿ ಹಲವು ಬಡಾವಣೆಗಳು ಮಳೆನೀರಿನಲ್ಲಿ ಮುಳುಗಿದವು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನೀರಿಗಾಗಿ ಟ್ಯಾಂಕರ್ ಕಾಯುವಂತಾಯಿತು. ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ನೀರನ್ನು ನೆಚ್ಚಿರುವ ನಗರ ಅದು. ಇಡೀ ನಗರಕ್ಕೆ ಒಂದು ಅಂಕ ಕೊಟ್ಟಾಗ ಯಾವ ಬೀದಿಯಲ್ಲಿ ನೀರು ನಿಲ್ಲುತ್ತದೆ, ಯಾವ ಬೀದಿಯಲ್ಲಿ ನಲ್ಲಿ ಒಣಗುತ್ತದೆ ಎಂಬುದು ಆ ಅಂಕದೊಳಗೆ ಅಡಗಿಹೋಗುತ್ತದೆ.

ಜಿಲ್ಲೆಗಳ ಮಟ್ಟದಲ್ಲಿಯೂ ಹೀಗೆಯೇ. 2005ರ ಕರ್ನಾಟಕ ಮಾನವ ಅಭಿವೃದ್ಧಿ ವರದಿಯಲ್ಲಿ ಬೆಂಗಳೂರು ನಗರ (0.753), ದಕ್ಷಿಣ ಕನ್ನಡ (0.722), ಉಡುಪಿ (0.714) ಜಿಲ್ಲೆಗಳು ಮೊದಲ ಮೂರು ಸ್ಥಾನ ಪಡೆದಿದ್ದವು. ರಾಯಚೂರು (0.547) ಕೊನೆಯಲ್ಲಿತ್ತು. ಆರೋಗ್ಯ, ಶಿಕ್ಷಣ, ಆದಾಯಗಳನ್ನು ಅಳೆಯುವ ಈ ಸೂಚ್ಯಂಕ ಬಹಳ ಉಪಯುಕ್ತ. ಆದರೆ ಉಡುಪಿ ಜಿಲ್ಲೆಯಲ್ಲಿ ಮನೆ ಕಟ್ಟಲು ಹೊರಟವರಿಗೆ ಅದು ಜಾಗ ತೋರಿಸಲಾರದು. ಏಕೆಂದರೆ ಈ ಜಿಲ್ಲೆಯಲ್ಲಿ ಕಡಲ ಮರಳಿನಿಂದ ಹೊರಟು ಐವತ್ತು ಕಿಲೋಮೀಟರಿನೊಳಗೆ ಘಟ್ಟದ ಕಾಡನ್ನು ಮುಟ್ಟಬಹುದು. ನೆಲ, ನೀರು, ಹವೆ ಎಲ್ಲವೂ ಆ ದಾರಿಯಲ್ಲಿ ಬದಲಾಗುತ್ತವೆ. ಆದ್ದರಿಂದ ನಮ್ಮ ಪ್ರಶ್ನೆಯನ್ನು ದೇಶದ ಭೂಪಟದಿಂದ ಇಳಿಸಿ ಒಂದು ಸಣ್ಣ ಊರಿನ ಮೇಲೆ ಇಟ್ಟು ನೋಡೋಣ. ಆ ಊರು ಕುಂದಾಪುರದ ಪಕ್ಕದ ಕೋಡಿ.

ಕೋಡಿ ಎಂಬ ನೆಲ

ಕುಂದಾಪುರ ಪೇಟೆಯನ್ನು ಹಿನ್ನೀರು ಮೂರು ಕಡೆಯಿಂದ ಬಳಸಿಕೊಂಡಿದೆ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ನದಿಗಳು ಇಲ್ಲಿ ಕೂಡಿ ಪಂಚಗಂಗಾವಳಿ ಎನಿಸಿಕೊಂಡು ಅರಬ್ಬೀ ಸಮುದ್ರ ಸೇರುತ್ತವೆ. ಅಳಿವೆಯ ಉತ್ತರಕ್ಕೆ ಗಂಗೊಳ್ಳಿ ಬಂದರು. ದಕ್ಷಿಣಕ್ಕೆ, ಕಡಲಿಗೂ ಹಿನ್ನೀರಿಗೂ ನಡುವೆ ಚಾಚಿಕೊಂಡಿರುವ ಮರಳಿನ ನೆಲವೇ ಕೋಡಿ. ದೀಪಸ್ತಂಭ, ಅಳಿವೆಯ ಬದಿಯ ಅಲೆತಡೆಗೋಡೆ, ಉದ್ದನೆಯ ಕಡಲತೀರ ಇಲ್ಲಿನ ಗುರುತುಗಳು. ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಈ ತೀರಕ್ಕೆ ಬರುತ್ತವೆ. ಇಂಥದೇ ಇನ್ನೊಂದು ನೆಲ ಬ್ರಹ್ಮಾವರ ತಾಲೂಕಿನಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವಲ್ಲಿದೆ. ಅದರ ಹೆಸರು ಕೋಡಿ ಬೆಂಗ್ರೆ.

ಇಂಥ ನೆಲ ಹೇಗೆ ಉಂಟಾಗುತ್ತದೆ? ಮಳೆಗಾಲದಲ್ಲಿ ನದಿಗಳು ಘಟ್ಟದಿಂದ ಮರಳು, ಮಣ್ಣು ಹೊತ್ತು ತರುತ್ತವೆ. ಅಳಿವೆಯಲ್ಲಿ ನದಿಯ ವೇಗ ಕುಗ್ಗುತ್ತದೆ. ವೇಗ ಕುಗ್ಗಿದ ನೀರಿಗೆ ಮರಳನ್ನು ಹೊರುವ ಶಕ್ತಿ ಇರುವುದಿಲ್ಲ. ಕೆಳಗೆ ಬಿದ್ದ ಮರಳನ್ನು ಓರೆಯಾಗಿ ಬಡಿಯುವ ಅಲೆಗಳು ದಂಡೆಯುದ್ದಕ್ಕೂ ಸ್ವಲ್ಪಸ್ವಲ್ಪವೇ ಸರಿಸುತ್ತವೆ. ದಂಡೆ ತಿರುಗುವಲ್ಲಿ ಈ ಮರಳು ನೇರವಾಗಿ ಮುಂದೆ ಚಾಚಿ ಬೆರಳಿನಂಥ ನಾಲಗೆಯಾಗುತ್ತದೆ. ಅಂದರೆ ಈ ನೆಲ ಬಂಡೆಯಂತೆ ನಿಂತದ್ದಲ್ಲ. ಬರುವ ಮರಳಿಗೂ ಹೋಗುವ ಮರಳಿಗೂ ಇರುವ ಜಮಾಖರ್ಚಿನ ಉಳಿಕೆ ಅದು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಮೀನುಗಾರರಿಗೆ ಇದಕ್ಕಿಂತ ಅನುಕೂಲದ ಜಾಗ ಇರಲಾರದು. ಒಂದು ಕಡೆ ಕಡಲು, ಇನ್ನೊಂದು ಕಡೆ ದೋಣಿ ಕಟ್ಟಲು ಶಾಂತವಾದ ಹಿನ್ನೀರು. ಮನೆಯಂಗಳದಿಂದಲೇ ಕಡಲಿನ ಬಣ್ಣ, ಗಾಳಿಯ ದಿಕ್ಕು ನೋಡಬಹುದು. ಹಾಗಿದ್ದರೆ ಇಲ್ಲಿ ಕಷ್ಟವೇನು?

ನಾಲ್ಕು ಮೀಟರ್ ಮಳೆ, ಆದರೂ ನೀರಿನ ಚಿಂತೆ

ಕುಂದಾಪುರದ ಕಡೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ. 100 ಚದರ ಮೀಟರ್ ಮಾಡಿನ ಮೇಲೆ ಬೀಳುವ ನೀರೇ ಸುಮಾರು 4 ಲಕ್ಷ ಲೀಟರ್. ಐದನೇ ಒಂದು ಭಾಗ ಪೋಲಾದರೂ 3 ಲಕ್ಷ 20 ಸಾವಿರ ಲೀಟರ್ ಉಳಿಯುತ್ತದೆ. ಗ್ರಾಮೀಣ ಮನೆಗಳಿಗೆ ತಲೆಗೆ ದಿನಕ್ಕೆ 55 ಲೀಟರ್ ನೀರು ಒದಗಿಸಬೇಕೆಂಬುದು ಜಲಜೀವನ ಮಿಷನ್‌ನ ಮಾನದಂಡ. ಆ ಪ್ರಕಾರ ಐದು ಜನರ ಮನೆಗೆ ದಿನಕ್ಕೆ 275 ಲೀಟರ್, ವರ್ಷಕ್ಕೆ ಸುಮಾರು 1 ಲಕ್ಷ ಲೀಟರ್ ಸಾಕು. ಬೇಕಾದುದಕ್ಕಿಂತ ಮೂರು ಪಟ್ಟು ನೀರು ಮಾಡಿನ ಮೇಲೆಯೇ ಬಿದ್ದಂತಾಯಿತು! ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆಯಾಗುವ ಚಳ್ಳಕೆರೆಯ ಕಡೆ ಅಷ್ಟೇ ದೊಡ್ಡ ಮಾಡಿಗೆ ಸಿಗುವುದು ಸುಮಾರು 40 ಸಾವಿರ ಲೀಟರ್ ಮಾತ್ರ.

ಆದರೆ ಕರಾವಳಿಯ ಮಳೆಯಲ್ಲಿ ಶೇಕಡ 80ಕ್ಕಿಂತ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಆರು ತಿಂಗಳು ನಂಬುವುದು ನೆಲದೊಳಗಿನ ನೀರನ್ನೇ. ಕೋಡಿಯ ನೆಲದೊಳಗೆ ಎಷ್ಟು ನೀರು ನಿಲ್ಲಬಲ್ಲದು?

ಮರಳಿನ ಕೆಳಗೆ ಎರಡೂ ಬದಿಯಿಂದ ಉಪ್ಪುನೀರು ನುಗ್ಗಿರುತ್ತದೆ. ಮಳೆಯ ಸಿಹಿನೀರು ಹಗುರ. ಆದ್ದರಿಂದ ಅದು ಉಪ್ಪುನೀರಿನ ಮೇಲೆ ತೇಲುತ್ತದೆ. ಸಿಹಿನೀರಿನ ಸಾಂದ್ರತೆ 1.000 ಎಂದಾದರೆ ಕಡಲ ನೀರಿನದು ಸುಮಾರು 1.025. ಈಗ ಒಂದು ಲೆಕ್ಕ ಮಾಡಿ. ಬಾವಿಯ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 'ಎ' ಮೀಟರ್ ಮೇಲಿದೆ, ಸಿಹಿನೀರು ಸಮುದ್ರಮಟ್ಟಕ್ಕಿಂತ 'ಆ' ಮೀಟರ್ ಆಳದವರೆಗೆ ಇದೆ ಎನ್ನೋಣ. ತಳದಲ್ಲಿ ಎರಡೂ ನೀರಿನ ಒತ್ತಡ ಸಮವಾಗಿರಬೇಕು. ಅಂದರೆ

1.000 × (ಎ + ಆ) = 1.025 × ಆ

ಇದನ್ನು ಬಿಡಿಸಿದರೆ ಆ = 40 × ಎ ಎಂದು ಬರುತ್ತದೆ. ಸಮುದ್ರಮಟ್ಟದ ಮೇಲೆ 1 ಮೀಟರ್ ಸಿಹಿನೀರು ನಿಂತರೆ ಕೆಳಗೆ 40 ಮೀಟರ್‌ವರೆಗೆ ಸಿಹಿನೀರು! ಈ ಸಂಬಂಧವನ್ನು ನೆದರ್‌ಲೆಂಡ್ಸ್‌ನ ಘೈಬೆನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೂ, ಜರ್ಮನಿಯ ಹರ್ಝ್‌ಬರ್ಗ್ 1901ರಲ್ಲೂ ಪ್ರತ್ಯೇಕವಾಗಿ ಹೇಳಿದರು. ಅಡ್ಡಕೊಯ್ದು ನೋಡಿದರೆ ಈ ಸಿಹಿನೀರಿನ ರಾಶಿ ನಡುವೆ ದಪ್ಪ, ಅಂಚುಗಳಲ್ಲಿ ತೆಳು. ಮಸೂರದ ಆಕಾರ. ಹಾಗಾಗಿ ಇದಕ್ಕೆ ಸಿಹಿನೀರಿನ ಮಸೂರ ಎಂದೇ ಹೆಸರು.

ಕೇಳಲು ಇದು ಸಂತೋಷದ ಸುದ್ದಿ. ಆದರೆ ಲೆಕ್ಕವನ್ನು ತಿರುಗಿಸಿ ನೋಡಿ. ನೀರೆತ್ತಿದ್ದರಿಂದ ಬಾವಿಯ ಮಟ್ಟ 25 ಸೆಂ.ಮೀ. ಇಳಿದರೆ ಕೆಳಗಿನಿಂದ ಉಪ್ಪುನೀರು ಕ್ರಮೇಣ 10 ಮೀಟರ್ ಮೇಲೇರುತ್ತದೆ. ವಾಸ್ತವದಲ್ಲಿ ಸಿಹಿ ಮತ್ತು ಉಪ್ಪು ನೀರಿನ ನಡುವೆ ಗೀಟೆಳೆದಂಥ ಗಡಿ ಇರುವುದಿಲ್ಲ. ಮಿಶ್ರನೀರಿನ ಒಂದು ಪದರವೇ ಇರುತ್ತದೆ. ಆದ್ದರಿಂದ ಬಳಸಬಹುದಾದ ನೀರು ಲೆಕ್ಕ ತೋರಿಸಿದ್ದಕ್ಕಿಂತ ಇನ್ನೂ ಕಡಿಮೆ. ಬಯಲುಸೀಮೆಯಲ್ಲಿ ನೀರು ಸಿಗದಿದ್ದರೆ ಇನ್ನಷ್ಟು ಆಳಕ್ಕೆ ಕೊರೆಯುತ್ತಾರೆ. ಮರಳು ದಂಡೆಯಲ್ಲಿ ಆಳಕ್ಕೆ ಇಳಿದಷ್ಟೂ ಉಪ್ಪುನೀರಿಗೆ ಹತ್ತಿರವಾದಂತೆ. ಆಳವಿಲ್ಲದ ಬಾವಿಯಿಂದ ಕೊಡಪಾನದಲ್ಲಿ ಸ್ವಲ್ಪಸ್ವಲ್ಪವೇ ನೀರು ಸೇದುವ ಹಳೆಯ ಕ್ರಮಕ್ಕೆ ಭೌತವಿಜ್ಞಾನದ ಸಮರ್ಥನೆ ಇದೆ.

ಎಷ್ಟು ಕಡಲ ನೀರು ಬೆರೆತರೆ ಬಾವಿ ಕೆಡುತ್ತದೆ? ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನಕದಂತೆ ಲೀಟರಿಗೆ 250 ಮಿ.ಗ್ರಾಂ. ಕ್ಲೋರೈಡ್ ಒಪ್ಪಿತ ಮಿತಿ. ಬೇರೆ ಮೂಲ ಇಲ್ಲದಾಗ 1000 ಮಿ.ಗ್ರಾಂ.ವರೆಗೆ ಸೈರಿಸಬಹುದು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿ.ಗ್ರಾಂ. ಕ್ಲೋರೈಡ್ ಇರುತ್ತದೆ. 19,000ವನ್ನು 250ರಿಂದ ಭಾಗಿಸಿದರೆ 76. ಅಂದರೆ 76 ಕೊಡದಲ್ಲಿ ಒಂದು ಕೊಡ ಕಡಲ ನೀರು ಬೆರೆತರೆ ಸಾಕು, ನೀರು ಒಪ್ಪಿತ ಮಿತಿಯನ್ನು ಮುಟ್ಟಿಬಿಡುತ್ತದೆ.

ದಂಡೆ ಕಿರಿದಾದರೆ

ಮಸೂರದ ಬಗ್ಗೆ ಇನ್ನೊಂದು ಸಂಗತಿ ಇದೆ. ಮಳೆ ಮತ್ತು ಮರಳು ಒಂದೇ ತೆರನಾಗಿದ್ದರೆ ಮಸೂರದ ದಪ್ಪ ನೆಲದ ಅಗಲಕ್ಕೆ ಅನುಪಾತದಲ್ಲಿರುತ್ತದೆ. ಅಗಲ ಅರ್ಧವಾದರೆ ದಪ್ಪವೂ ಸುಮಾರು ಅರ್ಧ. ಅಗಲವೂ ಅರ್ಧ, ದಪ್ಪವೂ ಅರ್ಧ ಎಂದಾಗ ಒಳಗಿನ ನೀರು ಕಾಲು ಭಾಗಕ್ಕೆ ಇಳಿಯುತ್ತದೆ. ಕಡಲ್ಕೊರೆತ ಎಂದಾಗ ನಾವು ಬಿದ್ದ ತೆಂಗಿನಮರ, ಕುಸಿದ ರಸ್ತೆಯನ್ನು ನೆನೆಯುತ್ತೇವೆ. ಕಣ್ಣಿಗೆ ಕಾಣದ ನಷ್ಟ ಬಾವಿಯಲ್ಲಿ ಆಗುತ್ತದೆ.

ಕರಾವಳಿಯಲ್ಲಿ ಮಳೆಗಾಲದ ಎತ್ತರದ ಅಲೆಗಳು ದಂಡೆಯ ಮರಳನ್ನು ಕಡಲೊಳಕ್ಕೆ ಎಳೆದೊಯ್ಯುತ್ತವೆ. ಮಳೆಗಾಲ ಮುಗಿದ ಮೇಲೆ ಬರುವ ತಗ್ಗಿನ ಅಲೆಗಳು ಅದನ್ನು ಮರಳಿ ತಂದು ಹಾಕುತ್ತವೆ. ಜುಲೈಯಲ್ಲಿ ಮಾಯವಾದ ದಂಡೆ ಜನವರಿಯಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಇದರಿಂದಲೇ. ಬೇಸಿಗೆಯಲ್ಲಿ ದಂಡೆ ನೋಡಿ ಜಾಗ ಕೊಂಡವರು ಜಮಾಖರ್ಚಿನಲ್ಲಿ ಜಮೆಯ ಪುಟವನ್ನು ಮಾತ್ರ ನೋಡಿದಂತೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಹೊತ್ತಿಗೆ ಉಡುಪಿ ಜಿಲ್ಲೆಯ ತೀರದಲ್ಲಿ ಆದ ಕೊರೆತ ಮುಂಗಾರಿಗಾಗಿಯೂ ಕಾಯಲಿಲ್ಲ. ಬೈಂದೂರು ತಾಲೂಕಿನ ಮರವಂತೆಯಲ್ಲಿ ಕಡಲಿಗೂ ಸೌಪರ್ಣಿಕೆಗೂ ನಡುವೆ ಹೆದ್ದಾರಿಯಷ್ಟೇ ಹಿಡಿಸುವಷ್ಟು ನೆಲವಿದೆ. ನೋಡಲು ಬಂದವರಿಗೆ ಅದು ಚೆಲುವು, ಅಲ್ಲಿ ವಾಸವಿದ್ದವರಿಗೆ ಪ್ರತಿ ಮಳೆಗಾಲದ ಆತಂಕ.

ಇದರ ಮೇಲೆ ಸಮುದ್ರಮಟ್ಟದ ಏರಿಕೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಮಂಡಳಿಯ ಆರನೆಯ ವರದಿಯಂತೆ 2006ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ವರ್ಷಕ್ಕೆ ಸರಾಸರಿ 3.7 ಮಿ.ಮೀ. ಏರಿದೆ. ಚಿಕ್ಕ ಸಂಖ್ಯೆ ಎನಿಸಬಹುದು. ಇದೇ ವೇಗದಲ್ಲಿ ಐವತ್ತು ವರ್ಷಕ್ಕೆ 18.5 ಸೆಂ.ಮೀ. ಆಗುತ್ತದೆ. ಮನೆಯೊಂದರ ಆಯುಷ್ಯವೂ ಸುಮಾರು ಅಷ್ಟೇ. ಇಳಿಜಾರು ಕಡಿಮೆ ಇರುವ ತೀರದಲ್ಲಿ ಲಂಬವಾಗಿ ಅಷ್ಟು ನೀರು ಏರಿದರೆ ಅಡ್ಡಕ್ಕೆ ಹಲವು ಮೀಟರ್ ನೆಲ ಹೋಗುತ್ತದೆ.

ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು (1991, 2011, 2019) ಬಂದದ್ದು ತೀರವನ್ನೂ ಅದನ್ನು ನಂಬಿದವರನ್ನೂ ಕಾಯಲು. 2019ರ ಅಧಿಸೂಚನೆಯು ಗ್ರಾಮೀಣ ತೀರವನ್ನು ಎರಡು ಬಗೆಯಾಗಿ ವಿಂಗಡಿಸಿತು. ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವಲ್ಲಿ ಭರತರೇಖೆಯಿಂದ 50 ಮೀಟರ್, ಉಳಿದೆಡೆ 200 ಮೀಟರ್ ನಿರ್ಮಾಣ ನಿಷೇಧ ವಲಯ ಎಂದಿತು. ಇಲ್ಲಿ ದೂರವನ್ನು ನಿರ್ಧರಿಸಿರುವುದು ಜನಸಾಂದ್ರತೆ. ಅಲೆಗೆ ಜನಗಣತಿ ತಿಳಿಯದು. ಆದ್ದರಿಂದ ಕಾನೂನಿನ ಗೆರೆಯ ಹೊರಗಿದ್ದೇವೆ ಎಂದಮಾತ್ರಕ್ಕೆ ಸುರಕ್ಷಿತವಾಗಿದ್ದೇವೆ ಎಂದಲ್ಲ. ಜಾಗದ ಎತ್ತರ ಮತ್ತು ದಂಡೆ ಎಷ್ಟು ಸರಿದಾಡುತ್ತದೆ ಎಂಬುದನ್ನೂ ನೋಡಬೇಕು.

34 ಡಿಗ್ರಿಯ ಸೆಖೆ, 40 ಡಿಗ್ರಿಯ ಬಿಸಿಲು

ವಾಸಕ್ಕೆ ಹವೆ ಹಿತವಾಗಿರಬೇಕು. ಉಷ್ಣತಾಮಾಪಕವನ್ನಷ್ಟೇ ನೋಡಿದರೆ ಮೇ ತಿಂಗಳಲ್ಲಿ ಕೋಡಿಯೇ ರಾಯಚೂರಿಗಿಂತ ಮೇಲು. ಆದರೆ ನಮ್ಮ ದೇಹ ತಂಪಾಗುವುದು ಬೆವರು ಆರುವುದರಿಂದ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ.

ಇದನ್ನು ಅಳೆಯಲು ಒದ್ದೆ ಬಲ್ಬಿನ ಉಷ್ಣತೆಯನ್ನು ಬಳಸುತ್ತಾರೆ. ಉಷ್ಣತಾಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದಾಗ ತೋರುವ ಉಷ್ಣತೆ ಇದು. ಉದಾಹರಣೆಗೆ ಒಂದು ಕಡೆ 40 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ 25 ಇರಲಿ. ಇನ್ನೊಂದು ಕಡೆ 34 ಡಿಗ್ರಿ, ಆರ್ದ್ರತೆ ಶೇಕಡ 70 ಇರಲಿ. ಮೊದಲನೆಯದು ಒಳನಾಡಿನ ಬಿಸಿಲು, ಎರಡನೆಯದು ಕರಾವಳಿಯ ಸೆಖೆ. ಒದ್ದೆ ಬಲ್ಬಿನ ಉಷ್ಣತೆ ಮೊದಲನೆಯ ಕಡೆ ಸುಮಾರು 24 ಡಿಗ್ರಿ, ಎರಡನೆಯ ಕಡೆ ಸುಮಾರು 29 ಡಿಗ್ರಿ. ನೆರಳಿನಲ್ಲಿ ಕುಳಿತವರಿಗೆ 34ರ ಊರೇ ಹೆಚ್ಚು ಕಷ್ಟ! ಒದ್ದೆ ಬಲ್ಬಿನ ಉಷ್ಣತೆ 35 ಡಿಗ್ರಿ ದಾಟಿದರೆ ಆರೋಗ್ಯವಂತರ ದೇಹವೂ ತಂಪಾಗಲಾರದು ಎಂದು 2010ರಲ್ಲಿ ಶೆರ್‌ವುಡ್ ಮತ್ತು ಹ್ಯೂಬರ್ ಲೆಕ್ಕ ಹಾಕಿದ್ದರು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಯುವಜನರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತೇವದ ಹವೆಯಲ್ಲಿ 31 ಡಿಗ್ರಿಯ ಹತ್ತಿರವೇ ದೇಹ ಸೋಲಲು ತೊಡಗಿತು. ಹಾಗಾಗಿ 29 ಎನ್ನುವುದು ಬಿಸಿಲಿನಲ್ಲಿ ದುಡಿಯುವವರಿಗೆ ಎಚ್ಚರಿಕೆಯ ಸಂಖ್ಯೆಯೇ.

ಇದಕ್ಕೆ ಕೋಡಿಯಲ್ಲೊಂದು ಪರಿಹಾರವೂ ಇದೆ. ಮಧ್ಯಾಹ್ನದ ಮೇಲೆ ಬೀಸುವ ಕಡಲಗಾಳಿ ಮೈಸುತ್ತಲಿನ ತೇವದ ಗಾಳಿಯನ್ನು ಸರಿಸುತ್ತದೆ. ಕಿಟಕಿ ಪಡುವಣಕ್ಕಿದ್ದು ಎದುರಿಗೆ ಇನ್ನೊಂದು ಕಿಟಕಿ ಇರುವ ಮನೆಗೂ, ಎತ್ತರದ ಕಾಂಪೌಂಡು ಗೋಡೆಯ ಹಿಂದಿನ ಮನೆಗೂ ಇಲ್ಲಿ ಬಹಳ ವ್ಯತ್ಯಾಸ. ಹವೆ ಇಡೀ ಊರಿನದು, ಹಿತ ಮಾತ್ರ ಆಯಾ ಮನೆಯದು.

ಬೈಲು, ಮಜಲು, ಬೆಟ್ಟು

ಹಾಗಾದರೆ ಕಡಲು ಬಿಟ್ಟು ಒಳಗೆ ಹೋಗೋಣವೇ? ಕರಾವಳಿಯ ರೈತರು ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುವುದನ್ನು ನೀವು ಕೇಳಿರಬಹುದು. ತಗ್ಗಿನಲ್ಲಿದ್ದು ನೀರು ನಿಲ್ಲುವ ಗದ್ದೆ ಬೈಲು. ಅದಕ್ಕಿಂತ ಸ್ವಲ್ಪ ಎತ್ತರದ್ದು ಮಜಲು. ಮಳೆಯನ್ನೇ ನಂಬಿದ ಎತ್ತರದ ನೆಲ ಬೆಟ್ಟು. ಹಳೆಯ ಮನೆಗಳು ಸಾಮಾನ್ಯವಾಗಿ ಬೈಲಿನ ನಡುವೆಯೂ ಇಲ್ಲ, ಬೆಟ್ಟಿನ ನೆತ್ತಿಯ ಮೇಲೂ ಇಲ್ಲ. ಎರಡೂ ಕೂಡುವ ಅಂಚಿನಲ್ಲಿವೆ. ಅಲ್ಲಿ ಮಳೆಗಾಲದಲ್ಲಿ ಅಂಗಳಕ್ಕೆ ನೆರೆ ಬರುವುದಿಲ್ಲ, ಬೇಸಿಗೆಯಲ್ಲಿ ಬಾವಿಗೆ ನೀರು ದೂರವಿರುವುದಿಲ್ಲ. ಬೆಟ್ಟಿನ ಮುರಕಲ್ಲು ರಂಧ್ರಮಯ. ಅದು ಮಳೆನೀರನ್ನು ಬೇಗ ಹೀರಿ ಬೇಗ ಬಿಟ್ಟುಕೊಡುತ್ತದೆ. ನೆತ್ತಿಯ ಮೇಲಿನ ಬಾವಿಗಳು ಏಪ್ರಿಲ್ ಹೊತ್ತಿಗೆ ಬತ್ತುವುದು ಇದರಿಂದ. ಅಲ್ಲಿ ಉಪ್ಪಿನ ಭಯವಿಲ್ಲ, ಬತ್ತುವ ಭಯವಿದೆ.

ಇನ್ನೂ ಮೂಡಣಕ್ಕೆ ಹೋದರೆ ಘಟ್ಟದ ಬುಡ. ಅಲ್ಲಿ ತಂಪಿದೆ, ತೊರೆಗಳಿವೆ. ಜೊತೆಗೆ ಇಳಿಜಾರೂ ಇದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಅದೇ ತಿಂಗಳ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡಗಳು ಕುಸಿದು ಜನರು ಸತ್ತದ್ದನ್ನು ಮರೆಯುವಂತಿಲ್ಲ. ನೀರು ಕುಡಿದ ಮಣ್ಣಿನ ಭಾರ ಹೆಚ್ಚುತ್ತದೆ, ಕಣಗಳ ನಡುವಿನ ಹಿಡಿತ ತಗ್ಗುತ್ತದೆ. ಬುಡವನ್ನು ಕಡಿದು ರಸ್ತೆಯನ್ನೋ ಮನೆಯನ್ನೋ ಮಾಡಿದ್ದರೆ ಆಸರೆಯೂ ತಪ್ಪುತ್ತದೆ.

ಕುಂದು ಇಲ್ಲದ ಜಾಗ ಯಾವುದೂ ಇಲ್ಲ ಎಂದಾಯಿತು. ಹಾಗಾದರೆ ಆರಿಸುವುದು ಹೇಗೆ?

ಕೂಡಿಸಬೇಕೇ, ಗುಣಿಸಬೇಕೇ?

ಎರಡು ಜಾಗಗಳನ್ನು ತೆಗೆದುಕೊಳ್ಳೋಣ. ಒಂದು ಕೋಡಿಯಂಥ ಮರಳ ದಂಡೆ, ಇನ್ನೊಂದು ಒಳನಾಡಿನ ಬೆಟ್ಟಿನ ಅಂಚು. ನೀರು, ಕೆಲಸ, ಶಾಲೆ–ಆಸ್ಪತ್ರೆ, ಸುರಕ್ಷತೆ ಎಂಬ ನಾಲ್ಕು ಅಂಶಗಳಿಗೆ ತಲಾ 10 ಅಂಕ. ಕೆಳಗಿನ ಅಂಕಗಳು ಯಾವುದೇ ಸಮೀಕ್ಷೆಯವಲ್ಲ, ಅಭ್ಯಾಸಕ್ಕಾಗಿ ಊಹಿಸಿಕೊಂಡವು. ದುಡಿಯುವವರು ಮೀನುಗಾರರು ಎಂದುಕೊಳ್ಳಿ.

ದಂಡೆ: ನೀರು 2, ಕೆಲಸ 9, ಶಾಲೆ–ಆಸ್ಪತ್ರೆ 7, ಸುರಕ್ಷತೆ 6. ಒಟ್ಟು 24.
ಬೆಟ್ಟಿನ ಅಂಚು: ನೀರು 6, ಕೆಲಸ 5, ಶಾಲೆ–ಆಸ್ಪತ್ರೆ 6, ಸುರಕ್ಷತೆ 7. ಒಟ್ಟು 24.

ಎರಡರ ಸಮಾಂತರ ಮಾಧ್ಯವೂ 6. ಎರಡೂ ಸಮ ಎನ್ನೋಣವೇ? ಕೂಡಿಸುವ ಲೆಕ್ಕದಲ್ಲಿ ನೀರಿನ ಕೊರತೆಯನ್ನು ಕೆಲಸದ ಹೆಚ್ಚಳ ತುಂಬಿಬಿಟ್ಟಿದೆ. ಆದರೆ ಬಾಯಾರಿದಾಗ ಸಂಬಳವನ್ನು ಕುಡಿಯಲಾಗದು. ಅದಕ್ಕಾಗಿ ಗುಣೋತ್ತರ ಮಾಧ್ಯ ನೋಡಿ. ನಾಲ್ಕು ಅಂಕಗಳನ್ನೂ ಗುಣಿಸಿ, ಬಂದ ಲಬ್ಧದ ನಾಲ್ಕನೆಯ ಮೂಲವನ್ನು ತೆಗೆಯಬೇಕು. ಕ್ಯಾಲ್ಕುಲೇಟರ್‌ನಲ್ಲಿ ವರ್ಗಮೂಲದ ಗುಂಡಿಯನ್ನು ಎರಡು ಬಾರಿ ಒತ್ತಿದರೆ ಆಯಿತು. ದಂಡೆಯ ಲಬ್ಧ 756, ಮಾಧ್ಯ 5.2. ಬೆಟ್ಟಿನ ಲಬ್ಧ 1260, ಮಾಧ್ಯ 6.0. ಒಂದು ಅಂಕ ತೀರಾ ಕುಸಿದರೆ ಗುಣಾಕಾರ ಅದನ್ನು ಮರೆಮಾಚುವುದಿಲ್ಲ. ಅದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕವು 2010ರಲ್ಲಿ ಸಮಾಂತರ ಮಾಧ್ಯವನ್ನು ಬಿಟ್ಟು ಗುಣೋತ್ತರ ಮಾಧ್ಯವನ್ನು ಹಿಡಿದದ್ದು ಈ ಕಾರಣಕ್ಕೇ.

ಈಗ ಕೆಲಸಕ್ಕೆ ಎರಡು ಪಟ್ಟು ತೂಕ ಕೊಡಿ, ಅಂದರೆ ಆ ಅಂಕವನ್ನು ಎರಡು ಬಾರಿ ಗುಣಿಸಿ ಐದನೆಯ ಮೂಲ ತೆಗೆಯಿರಿ. ದಂಡೆಗೆ 5.84, ಬೆಟ್ಟಿಗೆ 5.75. ದಂಡೆ ಕೂದಲೆಳೆಯಷ್ಟು ಮುಂದೆ ಬಂತು! ಕಡಲಿನಲ್ಲೇ ದುಡಿಯುವವರು ದಂಡೆ ಬಿಟ್ಟು ಹೋಗಲು ಒಪ್ಪದಿರುವುದು ತಿಳಿಗೇಡಿತನದಿಂದಲ್ಲ. ಅವರ ತೂಕ ಬೇರೆ, ಅಷ್ಟೇ. ನಿವೃತ್ತಿಯ ಹಣದಲ್ಲಿ ಕಡಲು ಕಾಣುವ ಮನೆ ಕಟ್ಟಲು ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಬರುವವರಿಗೆ ಈ ತೂಕ ಅನ್ವಯಿಸದು.

ಇನ್ನೊಂದು ಹೆಜ್ಜೆ. ಸಮತೂಕದ ಲೆಕ್ಕಕ್ಕೆ ಮರಳಿ, ದಂಡೆಯ ಒಂದು ಅಂಕವನ್ನು ಹೆಚ್ಚಿಸುವ ಅವಕಾಶ ಸಿಕ್ಕಿತು ಎನ್ನಿ. ಕೆಲಸವನ್ನು 9ರಿಂದ 10ಕ್ಕೆ ಏರಿಸಿದರೆ ಮಾಧ್ಯ 5.4 ಆಗುತ್ತದೆ. ನೀರನ್ನು 2ರಿಂದ 3ಕ್ಕೆ ಏರಿಸಿದರೆ 5.8. ನೀರು 6ಕ್ಕೆ ಮುಟ್ಟಿದರೆ 6.9, ಅಂದರೆ ಬೆಟ್ಟನ್ನು ಮೀರಿಸಿತು. ಯಾವ ಊರನ್ನೇ ಸುಧಾರಿಸುವುದಿದ್ದರೂ ಮೊದಲು ಕೈಹಾಕಬೇಕಾದುದು ತೀರಾ ತಗ್ಗಿರುವ ಅಂಶಕ್ಕೆ ಎಂದು ಈ ಗುಣಾಕಾರ ಹೇಳುತ್ತದೆ.

ಮಾಡಿನ ನೀರನ್ನು ಸೋಸಿ ತೊಟ್ಟಿಯಲ್ಲಿ ತುಂಬುವುದು, ಉಳಿದುದನ್ನು ಮರಳಿಗೆ ಇಂಗಿಸುವುದು, ದಂಡೆಯಲ್ಲಿ ಆಳದ ಕೊಳವೆಬಾವಿಗೆ ಹೋಗದಿರುವುದು, ಹಿನ್ನೀರಿನ ತೋಡುಗಳಿಗೆ ಕಿಂಡಿ ಅಣೆಕಟ್ಟು ಕಟ್ಟಿ ಮಳೆಗಾಲ ಮುಗಿಯುತ್ತಲೇ ಹಲಗೆ ಹಾಕಿ ಉಪ್ಪುನೀರನ್ನು ತಡೆಯುವುದು, ಬೇಸಿಗೆಗೆ ಹೊರಗಿನಿಂದ ನಲ್ಲಿ ನೀರು ತರುವುದು ಇವೆಲ್ಲ ಆ 2ನ್ನು 6ರತ್ತ ಒಯ್ಯುವ ದಾರಿಗಳು. ಐದು ಜನರ ಮನೆಗೆ ಆರು ತಿಂಗಳಿಗೆ ಬೇಕಾದ ನೀರು ಸುಮಾರು 50 ಸಾವಿರ ಲೀಟರ್. ಅಷ್ಟು ದೊಡ್ಡ ತೊಟ್ಟಿ ಎಲ್ಲರಿಂದಲೂ ಆಗದು. ಕುಡಿಯಲು ಮತ್ತು ಅಡುಗೆಗೆ ಮಾತ್ರ ಎಂದುಕೊಂಡು ತಲೆಗೆ ದಿನಕ್ಕೆ 10 ಲೀಟರ್ ಹಿಡಿದರೆ 9 ಸಾವಿರ ಲೀಟರ್ ಸಾಕು. ಅದು ಕೈಗೆಟಕುವ ಗಾತ್ರ.

ನಿಮ್ಮ ಶಾಲೆಯಲ್ಲಿ ಮಾಡಿ

ನಿಮ್ಮ ಊರು ಕಡಲ ಬದಿಯಲ್ಲಿರಲಿ, ಬಯಲುಸೀಮೆಯಲ್ಲಿರಲಿ, ಈ ಚಟುವಟಿಕೆಗಳನ್ನು ಕೈಗೊಳ್ಳಬಹುದು.

1. ಶಾಲೆಯ ಸುತ್ತಲಿನ ಐದು ಬಾವಿಗಳನ್ನು ಆರಿಸಿಕೊಳ್ಳಿ. ಹಗ್ಗದ ತುದಿಗೆ ಭಾರ ಕಟ್ಟಿ, ಬಾವಿಕಟ್ಟೆಯಿಂದ ನೀರಿನವರೆಗಿನ ಆಳವನ್ನು ಡಿಸೆಂಬರ್‌ನಿಂದ ಮೇವರೆಗೆ ಪ್ರತಿ ತಿಂಗಳ ಒಂದೇ ದಿನಾಂಕದಂದು ಅಳೆಯಿರಿ. ಹಿರಿಯರೊಬ್ಬರು ಜೊತೆಗಿರಲಿ. ನಕ್ಷೆಯ ಹಾಳೆಯಲ್ಲಿ ರೇಖೆ ಎಳೆಯಿರಿ.

2. ಅದೇ ನೀರಿನ ಮಾದರಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಎರಡು ಹನಿ ಹಾಕಿ. ಕ್ಲೋರೈಡ್ ಇದ್ದರೆ ಬಿಳಿಯ ಪ್ರಕ್ಷೇಪ ಕಾಣುತ್ತದೆ. ಪ್ರಮಾಣ ತಿಳಿಯಲು ಪೊಟ್ಯಾಸಿಯಂ ಕ್ರೋಮೇಟ್ ಸೂಚಕ ಬಳಸಿ ಅನುಮಾಪನ ಮಾಡಿ. ಹಳದಿ ಬಣ್ಣ ಇಟ್ಟಿಗೆಗೆಂಪಿಗೆ ತಿರುಗುವುದು ಅಂತ್ಯಬಿಂದು. ಕ್ರೋಮೇಟ್ ವಿಷಕಾರಿ, ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಕಲೆ ಮಾಡುತ್ತದೆ. ಆದ್ದರಿಂದ ಇದನ್ನು ಅಧ್ಯಾಪಕರೇ ಮಾಡಿ ತೋರಿಸುವುದು ಒಳ್ಳೆಯದು.

3. ಎರಡು ಉಷ್ಣತಾಮಾಪಕಗಳನ್ನು ತೆಗೆದುಕೊಂಡು ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ. ಮಧ್ಯಾಹ್ನ ಎರಡು ಗಂಟೆಗೆ ತರಗತಿಯೊಳಗೆ, ಜಗಲಿಯಲ್ಲಿ, ಮರದ ನೆರಳಿನಲ್ಲಿ ಓದಿ ಹೋಲಿಸಿ. ಒಂದೇ ಆವರಣದಲ್ಲಿ ಎಷ್ಟು ವ್ಯತ್ಯಾಸವಿದೆ ಎಂಬುದು ನಿಮಗೇ ತಿಳಿಯುತ್ತದೆ.

4. ಊರಿನ ಹಿರಿಯರನ್ನು ಕೇಳಿ ನೆರೆನೀರು ಅತಿ ಹೆಚ್ಚು ಬಂದ ಎತ್ತರವನ್ನೂ, ಕಡಲ ದಂಡೆ ಮೊದಲು ಎಲ್ಲಿತ್ತು ಎಂಬುದನ್ನೂ ಊರಿನ ನಕ್ಷೆಯಲ್ಲಿ ಗುರುತಿಸಿ.

5. ಕೊನೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯವರೊಡನೆ ಕುಳಿತು ಅಂಶಗಳಿಗೆ ತೂಕ ಕೊಡಲಿ. ಅಜ್ಜಿಯ ತೂಕವೂ ತಂದೆಯ ತೂಕವೂ ನಿಮ್ಮ ತೂಕವೂ ಒಂದೇ ಆಗಿವೆಯೇ? ಅದೇ ಜಾಗಗಳಿಗೆ ಸಮಾಂತರ ಮಾಧ್ಯ ಮತ್ತು ಗುಣೋತ್ತರ ಮಾಧ್ಯ ತೆಗೆದು ಸ್ಥಾನ ಬದಲಾಗುವುದೇ ನೋಡಿ.

ಮೊದಲ ಪ್ರಶ್ನೆಗೆ ಉತ್ತರ

ದೇಶದಲ್ಲಿ ವಾಸಕ್ಕೆ ಅತ್ಯುತ್ತಮ ಭಾಗ ಯಾವುದು ಎಂಬ ಪ್ರಶ್ನೆಗೆ ಒಂದು ಊರಿನ ಹೆಸರು ಉತ್ತರವಾಗಲಾರದು. ಆದರೆ ಉತ್ತರ ಹುಡುಕುವ ಕ್ರಮವೊಂದಿದೆ. ಮೊದಲು ಬಿಟ್ಟುಕೊಡಲಾಗದ ಅಂಶಗಳನ್ನು ನೋಡಿ: ವರ್ಷವಿಡೀ ಕುಡಿಯುವ ನೀರು ಸಿಗುವುದೇ, ನೆಲ ನಿಲ್ಲುವುದೇ, ನೆರೆ ಬರುವುದೇ. ಇವುಗಳಲ್ಲಿ ಸೋತ ಜಾಗವನ್ನು ಬೇರೆ ಯಾವ ಸೊಬಗೂ ಗೆಲ್ಲಿಸದು. ಆಮೇಲೆ ನಿಮ್ಮ ಮನೆಯ ದುಡಿಮೆ, ವಯಸ್ಸು, ಅಗತ್ಯಗಳಿಗೆ ತಕ್ಕಂತೆ ತೂಕ ಕೊಡಿ. ಪಟ್ಟಿಗಳಲ್ಲಿ ಬಂದ ಸ್ಥಾನವನ್ನು ಓದುವಾಗ ತೂಕ ಕೊಟ್ಟವರು ಯಾರು ಎಂದು ಕೇಳಿ. ಜಾಗ ನೋಡಲು ಹೋಗುವುದಿದ್ದರೆ ಎರಡು ಬಾರಿ ಹೋಗಿ, ಒಮ್ಮೆ ಜುಲೈಯಲ್ಲಿ, ಒಮ್ಮೆ ಏಪ್ರಿಲ್ ಕೊನೆಯಲ್ಲಿ.

ನಮ್ಮಲ್ಲಿ ಹೆಚ್ಚಿನವರಿಗೆ ಊರನ್ನು ಆರಿಸುವ ಅವಕಾಶ ಸಿಗುವುದಿಲ್ಲ. ಹುಟ್ಟಿದ ಊರು, ಕೆಲಸ ಸಿಕ್ಕ ಊರು, ದೋಣಿ ನಿಲ್ಲುವ ಊರು, ಅಲ್ಲೇ ಬಾಳುವೆ. ಅಂಥವರಿಗೂ ಈ ಲೆಕ್ಕ ಕೆಲಸಕ್ಕೆ ಬರುತ್ತದೆ. ತಮ್ಮ ಊರಿನ ಅತಿ ತಗ್ಗಿನ ಅಂಕ ಯಾವುದೆಂದು ಅದು ತೋರಿಸುತ್ತದೆ. ಕೋಡಿಯಲ್ಲಿ ಅದು ಬೇಸಿಗೆಯ ಬಾವಿ. ನಿಮ್ಮ ಊರಿನಲ್ಲಿ ಯಾವುದು?